ಅಪ್ಪನ ಸಿಡಿಯಲ್ಲಿ ಇಲ್ಲದ ಅಕ್ಷರ

ಹೋದ ವರ್ಷ ಮಳೆಗಾಲ ಶುರುವಾಗುವ ಮುಂಚೆ ಮನೆಯ ಬೀರು ಖಾಲಿ ಮಾಡಿದೆವು. ಗೋಡೆಗೆ ತೇವ ಬಂದಿತ್ತು, ಕೆಳಗಿನ ಅರೆಗೆ ಗೆದ್ದಲು ಹತ್ತಿತ್ತು. ಅಪ್ಪನ ಪುಸ್ತಕಗಳನ್ನು ಒಂದೊಂದಾಗಿ ಬಿಸಿಲಿಗೆ ಹರಡುತ್ತಿದ್ದಾಗ ಎರಡು ನೋಟ್‌ಬುಕ್ಕುಗಳ ನಡುವೆ ಒಂದು ಸಿಡಿ ಸಿಕ್ಕಿತು. ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಬರೆದಿತ್ತು: 'ನಮ್ಮ ಸೀಮೆಯ ಶಾಸನಗಳು, 2003'.

ಅಪ್ಪ ಬೇಲೂರು ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ರಜೆ ಬಂತೆಂದರೆ ಚೀಲ ಹೆಗಲಿಗೆ ಹಾಕಿಕೊಂಡು ಶಾಸನ ಇರುವ ಊರುಗಳಿಗೆ ಹೊರಡುತ್ತಿದ್ದರು. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ನಿಂತ ಕಲ್ಲುಗಳ ಮುಂದೆ ಕೂತು ಬರೆದುಕೊಳ್ಳುತ್ತಿದ್ದರು. ನಾನೂ ಐದಾರು ಸಲ ಜೊತೆಗೆ ಹೋಗಿದ್ದೇನೆ. ಕಲ್ಲಿಗೆ ನೀರು ಚಿಮುಕಿಸುವುದು ನನ್ನ ಕೆಲಸ. ಆಮೇಲೆ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಇಬ್ಬರೂ ಸುಮ್ನೆ ಕಾಯುತ್ತಿದ್ದೆವು. ನೆತ್ತಿ ಮೇಲಿನ ಬಿಸಿಲಿಗೆ ಕಾಣದ ಅಕ್ಷರ ಸಂಜೆ ಬಿಸಿಲಿಗೆ ಎದ್ದು ಬರುತ್ತದೆ.

ನಿವೃತ್ತಿ ಹತ್ತಿರ ಬಂದಾಗ ಅದನ್ನೆಲ್ಲ ಸೇರಿಸಿ 84 ಪುಟದ ಒಂದು ಪುಸ್ತಕ ಮಾಡಿದರು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ನೂರು ಪ್ರತಿ ತೆಗೆಸಿ, ಕೇಳಿದವರಿಗೆಲ್ಲ ಕೊಟ್ಟರು. ಮನೆಯಲ್ಲಿ ಉಳಿದದ್ದು ಒಂದೇ ಪ್ರತಿ. ಅದರ ಕೊನೆಯ ಇಪ್ಪತ್ತು ಪುಟ ಗೆದ್ದಲು ತಿಂದಿತ್ತು. ಹಾಗಾಗಿ ಆ ಸಿಡಿ ಸಿಕ್ಕಿದ್ದು ನಮಗೆಲ್ಲ ದೊಡ್ಡ ಸಮಾಧಾನ. ನಾನು ಪ್ರೋಗ್ರಾಮರ್. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದ್ದು, ಈಗ ಹಾಸನದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಒಂದು ಫೈಲು ತೆರೆಯುವುದು ನನಗೆ ಯಾವ ಮಹಾ ಕೆಲಸ ಅಂದುಕೊಂಡೆ.

ಫೈಲು ತೆರೆಯಿತು. ಆದರೆ ಕನ್ನಡ ಇರಲಿಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಚುಕ್ಕೆ, ಕೆಲವಕ್ಕೆ ಗೀಟು, ನಡುನಡುವೆ ಹಣದ ಗುರುತು, ಪ್ರಶ್ನೆಯ ಗುರುತು. 84 ಪುಟವೂ ಹಾಗೇ.

ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. "ಕೆಟ್ಟೋಯ್ತೇನೋ ಮಗಾ?" ಅಂದರು.

"ಇಲ್ಲಪ್ಪ, ಎಲ್ಲಾ ಇದೆ. ಓದೋ ಕೀಲಿ ಕಳೆದುಹೋಗಿದೆ ಅಷ್ಟೇ" ಅಂದೆ.

ಆಗಿದ್ದು ಇಷ್ಟು. ಯೂನಿಕೋಡ್ ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಏರ್ಪಾಡು. ಅದು ನಮ್ಮ ಕೈಗೆ ಸರಿಯಾಗಿ ಬರುವ ಮೊದಲು ಹೆಚ್ಚಿನ ಕಂಪ್ಯೂಟರುಗಳಿಗೆ ಕನ್ನಡ ಅಂತ ಒಂದು ಭಾಷೆ ಇದೆ ಎಂದೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಇದ್ದ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿ ಫಾಂಟು ಮಾಡುತ್ತಿದ್ದರು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಬರೀ ಕಸ. ಒಬ್ಬೊಬ್ಬರ ಫಾಂಟಿಗೆ ಒಂದೊಂದು ಏರ್ಪಾಡು ಬೇರೆ. ಅಪ್ಪನ ಪುಸ್ತಕ ಕೂರಿಸಿದ ಫಾಂಟು ಈಗ ಎಲ್ಲೂ ಸಿಗುವುದಿಲ್ಲ. ಆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತಿದೆ.

ಆ ಕಾಲದವರನ್ನು ನಾನು ದೂರುವುದಿಲ್ಲ. ಅವರು ಇಲ್ಲದ ದಾರಿಯಲ್ಲಿ ದಾರಿ ಮಾಡಿಕೊಂಡು ಬಂದವರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ನೋಡಿ. ಬಾಯಲ್ಲಿ ಸದ್ದು ಯಾವ ಕ್ರಮದಲ್ಲಿ ಬರುತ್ತದೋ ಅದೇ ಕ್ರಮದಲ್ಲಿ ಕೀಲಿ ಒತ್ತುತ್ತಾ ಹೋದರೆ ಸಾಕು, ಅಕ್ಷರ ತಾನೇ ಕೂಡಿಕೊಳ್ಳುತ್ತದೆ. ಇವತ್ತೂ ನಾನು ಹಾಗೇ ಟೈಪ್ ಮಾಡುತ್ತೇನೆ. ಬೆರಳು ಕಲಿತದ್ದು ಉಳಿಯಿತು. ಫೈಲಿನೊಳಗೆ ಹೋಗಿ ಕೂತದ್ದು ಮಾತ್ರ ಉಳಿಯಲಿಲ್ಲ.

ಸರಿ, ಮುದ್ರಿತ ಪುಟಗಳು ಕೈಯಲ್ಲಿದ್ದವು. ಫೈಲಿನ ಸಾಲು ಒಂದು ಕಡೆ, ಪುಟದ ಸಾಲು ಒಂದು ಕಡೆ ಇಟ್ಟುಕೊಂಡು ಯಾವ ಗುರುತಿಗೆ ಯಾವ ಅಕ್ಷರ ಎಂದು ಪಟ್ಟಿ ಮಾಡಿದೆ. ಪಟ್ಟಿ ಹಿಡಿದು ಒಂದು ಸಣ್ಣ ಪ್ರೋಗ್ರಾಮ್ ಬರೆದೆ. 'ಕಲ್ಲು', 'ಊರು', 'ಗುಡಿ', 'ಕೆರೆ' ಎಲ್ಲ ಸರಿಯಾಗಿ ಬಂದವು. 'ವರ್ಷ', 'ಧರ್ಮ', 'ಕಾರ್ಯ' ಒಡೆದುಹೋದವು.

ತಪ್ಪು ಇದ್ದದ್ದು ಅರ್ಕಾವತ್ತಿನಲ್ಲಿ. 'ಧರ್ಮ' ಎಂದು ಬರೆಯುವಾಗ ನಮ್ಮ ಕೈ ಮೊದಲು 'ಧ' ಬರೆಯುತ್ತದೆ, ಆಮೇಲೆ 'ಮ', ಕೊನೆಗೆ ಪಕ್ಕದಲ್ಲಿ ಅರ್ಕಾವತ್ತು. ಹಳೆಯ ಫಾಂಟು ಆ ಕ್ರಮದಲ್ಲೇ ಇಟ್ಟುಕೊಂಡಿತ್ತು. ಆದರೆ ಬಾಯಿ ಹಾಗೆ ಹೇಳುವುದಿಲ್ಲ. ಬಾಯಲ್ಲಿ 'ರ್' ಮೊದಲು, 'ಮ' ಆಮೇಲೆ. ಯೂನಿಕೋಡ್ ಬಾಯಿಯ ಕ್ರಮವನ್ನೇ ಹಿಡಿಯುತ್ತದೆ. ಹಾಗಾಗಿ ಅರ್ಕಾವತ್ತು ಕಂಡ ಕಡೆಯೆಲ್ಲ ಅದನ್ನು ಎತ್ತಿ ಹಿಂದಿನ ಅಕ್ಷರಕ್ಕೂ ಮುಂಚೆ ಇಡಬೇಕು. ಇಟ್ಟೆ. ಆಗ 'ಮರ್ಯಾದೆ' ಕೆಟ್ಟಿತು. ಅಲ್ಲಿ 'ಯ' ಒಂದು ತುಂಡು, ಅದರ ದೀರ್ಘ ಇನ್ನೊಂದು ತುಂಡು. ಅರ್ಕಾವತ್ತು ಒಂದೇ ಹೆಜ್ಜೆ ಹಿಂದೆ ಹೋಗಿ 'ಯ'ಕ್ಕೂ ದೀರ್ಘಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಈ ಒಂದು ವಿಷಯಕ್ಕೆ ಮೂರು ರಾತ್ರಿ ಹಿಡಿಯಿತು.

ಮೂರನೇ ರಾತ್ರಿ ನನಗೆ ಒಂದು ವಿಷಯ ಮನಸ್ಸಿಗೆ ಬಂತು. ಹಳೆಯ ಫಾಂಟು ಕಣ್ಣಿಗಾಗಿ ಬರೆದದ್ದು. ಯೂನಿಕೋಡ್ ಕಿವಿಗಾಗಿ ಬರೆದದ್ದು. ಕಣ್ಣಿಗೆ ಬರೆದದ್ದು ಕಾಗದದ ಮೇಲೆ ಚೆಂದ ಕಾಣುತ್ತದೆ, ಆದರೆ ಕಾಗದ ಬಿಟ್ಟು ಆಚೆ ಬರಲಾರದು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು, ಇನ್ನೊಂದು ಯಂತ್ರ ಅದನ್ನು ಓದಲಾರದು. ಕಿವಿಗೆ ಬರೆದದ್ದು ಮಾತಿನ ಹಾಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಪುಟದಲ್ಲಿ ಖಾಲಿ ಜಾಗ ಉಳಿಯಿತು. ಅದು ಹಲ್ಮಿಡಿ ಶಾಸನದ ಪುಟ.

ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲೇ. ಸುಮಾರು ಕ್ರಿ.ಶ. 450ರದ್ದು ಎಂದು ಹೇಳುವ ಆ ಕಲ್ಲನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪಡಿಯಚ್ಚು ಇಟ್ಟಿದ್ದಾರೆ. ಕನ್ನಡದ ಮೊದಲ ಶಾಸನ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಒಳಗೆ ಏನಿದೆ ಎಂದು ಓದಿದವರು ಕಡಿಮೆ. ಇರುವುದು ಹದಿನಾರು ಸಾಲು. ಮೊದಲು ವಿಷ್ಣುವಿನ ಸ್ತುತಿ, ಅದು ಸಂಸ್ಕೃತದಲ್ಲಿ. ಆಮೇಲೆ ಯುದ್ಧದ ಸುದ್ದಿ. ಕೇಕಯ-ಪಲ್ಲವರ ವಿರುದ್ಧ ಕಾದಾಡಿ ಗೆದ್ದ ವಿಜ ಅರಸ ಎಂಬುವನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರನ್ನು 'ಬಾಳ್ಗೞ್ಚು' ಕೊಟ್ಟರು ಎಂದಿದೆ. ಬಾಳು ಅಂದರೆ ಕತ್ತಿ. ಕೞ್ಚು ಅಂದರೆ ತೊಳೆಯುವುದು. ರಕ್ತ ಅಂಟಿದ ಕತ್ತಿಯನ್ನು ತೊಳೆದು ಕೊಡುವ ದಾನ.

ಆ ಪದದ ನಡುವೆ ಇರುವ 'ೞ' ಅಪ್ಪನ ಫಾಂಟಿನಲ್ಲಿ ಇರಲಿಲ್ಲ. ಡಿಟಿಪಿ ಅಂಗಡಿಯ ಹುಡುಗ ಅಲ್ಲಿ ಎರಡು ಸ್ಪೇಸ್ ಬಿಟ್ಟಿದ್ದ. ಅಪ್ಪ ನೂರು ಪ್ರತಿಯಲ್ಲೂ ಕಪ್ಪು ಶಾಯಿಯಲ್ಲಿ ಕೈಯಿಂದಲೇ ಆ ಅಕ್ಷರ ತುಂಬಿಸಿದ್ದರು. ಗೆದ್ದಲು ಬಿಟ್ಟುಕೊಟ್ಟ ಆ ಪುಟದಲ್ಲಿ ಅದು ಈಗಲೂ ಹಾಗೇ ಇದೆ. ಸುತ್ತಲಿನ ಅಚ್ಚಿನ ಅಕ್ಷರಕ್ಕಿಂತ ಸ್ವಲ್ಪ ದೊಡ್ಡದು, ಸ್ವಲ್ಪ ಬಲಕ್ಕೆ ವಾಲಿದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಸಿಡಿಯಲ್ಲಿ ಮಾತ್ರ ಎರಡು ಸ್ಪೇಸ್.

ಈ ಅಕ್ಷರಕ್ಕೆ 'ರಳ' ಎಂದು ಹೆಸರು. ಹೊಯ್ಸಳರ ಕಾಲದ ವ್ಯಾಕರಣಕಾರ ಕೇಶಿರಾಜ ಇದನ್ನು ಉಳಿದ ಎರಡು ಳಕಾರಗಳಿಂದ, ಅಂದರೆ ಕುಳ, ಕ್ಷಳ ಎನ್ನುವವುಗಳಿಂದ ಬೇರೆ ಮಾಡಿ ಹೇಳುತ್ತಾನೆ. ನಾವು ಇವತ್ತು ಆಡುವ 'ಮಳೆ' ಒಂದು ಕಾಲದಲ್ಲಿ 'ಮೞೆ'. 'ಬಾಳೆ' 'ಬಾೞೆ'. 'ಏಳು' 'ಏೞು'. ತಮಿಳರು, ಮಲಯಾಳಿಗಳು ಆ ಸದ್ದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನಮ್ಮ ನಾಲಿಗೆ ಅದನ್ನು ಬಿಟ್ಟಿತು, ಬರವಣಿಗೆಯೂ ಹಿಂದೆಯೇ ಬಿಟ್ಟಿತು.

ಯೂನಿಕೋಡ್‌ನಲ್ಲಿ ಅದಕ್ಕೆ ಜಾಗ ಇದೆ. ಅದರ ಸಂಖ್ಯೆ, ಕಂಪ್ಯೂಟರಿನವರು ಬರೆಯುವ ರೀತಿಯಲ್ಲಿ, ಸೊನ್ನೆ ಸಿ ಡಿ ಇ. ಹುಡುಕಿ ತೆಗೆದೆ. ಹೆಸರು ನೋಡಿದೆ. 'ಕನ್ನಡ ಲೆಟರ್ ಎಫ್‌ಎ' ಎಂದಿತ್ತು. ಫ! ಸಾವಿರದ ಐನೂರು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಕಲ್ಲಿನ ಮೇಲೆ ಕಡೆದ ಅಕ್ಷರಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಹೆಸರು ತಪ್ಪು. ಅದೂ 'ಫ' ಎನ್ನುವ ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ.

ಆ ರಾತ್ರಿ ನನಗೆ ತುಂಬ ಸಿಟ್ಟು ಬಂತು. ಇನ್ನೂ ಓದಿದೆ. ತಪ್ಪು ಎಂದು ಯೂನಿಕೋಡ್‌ನವರಿಗೂ ಗೊತ್ತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಆ ಹೆಸರನ್ನು ನಂಬಿ ಎಲ್ಲೋ ಯಾರೋ ಪ್ರೋಗ್ರಾಮ್ ಬರೆದಿರುತ್ತಾರೆ, ಹೆಸರು ಬದಲಾದರೆ ಅದು ಮುರಿಯುತ್ತದೆ. ಅದಕ್ಕೆ ಹಳೆಯ ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ತಿದ್ದಿದ ಹೆಸರನ್ನು ಸೇರಿಸಿದ್ದಾರೆ. ಮೂರು 'ಎಲ್' ಒಂದು 'ಎ'.

ಎರಡು ದಿನ ಕಳೆದಮೇಲೆ ನನ್ನ ಸಿಟ್ಟು ಇಳಿಯಿತು. ಅವರು ಮಾಡಿದ್ದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಕಲ್ಲು ಕಡೆಯುವವನು ಮಾಡುವುದೂ ಅದನ್ನೇ. ಕಡೆದ ಅಕ್ಷರವನ್ನು ಅಳಿಸಲು ಹೋದರೆ ಸುತ್ತಲಿನ ನಾಲ್ಕು ಅಕ್ಷರ ಏಳುತ್ತವೆ. ಬಿಟ್ಟುಹೋದದ್ದನ್ನು ಸಾಲಿನ ಕೆಳಗೆ ಚಿಕ್ಕದಾಗಿ ಕಡೆಯಬೇಕು. ನನ್ನ ಕೆಲಸದಲ್ಲಿ ನಾವು ಇದಕ್ಕೆ ತದ್ವಿರುದ್ಧ. ನಿನ್ನೆ ಬರೆದದ್ದನ್ನು ಇವತ್ತು ಕಿತ್ತು ಬಿಸಾಡುವುದೇ ಜಾಣತನ ಅಂದುಕೊಂಡಿದ್ದೇವೆ. ಎರಡು ವರ್ಷಕ್ಕೊಮ್ಮೆ ಹೊಸ ಸಲಕರಣೆ, ಹೊಸ ಏರ್ಪಾಡು. ಹಳೆಯದನ್ನು ನಂಬಿಕೊಂಡವರ ಗತಿ ಏನು ಎಂದು ಕೇಳುವವರು ಕಡಿಮೆ. ಅಪ್ಪನ ಸಿಡಿ ಹಾಗೆ ನಂಬಿಕೊಂಡವರ ಪೈಕಿ ಒಂದು.

ಹಲ್ಮಿಡಿ ಶಾಸನದಲ್ಲಿ ಇನ್ನೊಂದು ಮಾತಿದೆ. ಈ ದಾನವನ್ನು ಅಳಿದವನಿಗೆ ಮಹಾಪಾತಕ ತಟ್ಟುತ್ತದೆ ಎಂದು. ಮುಂದಿನ ಕಾಲದ ಶಾಸನಗಳಲ್ಲಿ ಈ ಶಾಪ ಇನ್ನೂ ಉದ್ದವಾಗುತ್ತದೆ. ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದೆಲ್ಲ. ಚಿಕ್ಕವನಾಗಿದ್ದಾಗ ಇದನ್ನು ಓದಿ ಮೂಢನಂಬಿಕೆ ಅಂದುಕೊಳ್ಳುತ್ತಿದ್ದೆ. ಈಗ ಬೇರೆ ಥರ ಕಾಣುತ್ತದೆ. ಬರೆಸಿದ ಅರಸನಿಗೆ ತಾನು ಸಾಯುತ್ತೇನೆ, ತನ್ನ ವಂಶವೂ ಅಳಿಯಬಹುದು ಎಂದು ಗೊತ್ತಿತ್ತು. ಆಮೇಲೆ ಈ ಮಾತನ್ನು ಕಾಯುವವರು ಯಾರು? ಯಾವ ಕೋರ್ಟೂ ಇಲ್ಲ, ಯಾವ ಪೊಲೀಸೂ ಇಲ್ಲ. ಎಲ್ಲ ರಾಜರಿಗಿಂತ ಜಾಸ್ತಿ ಕಾಲ ಇರುವುದು ಜನರ ಭಯ ಮತ್ತು ಭಕ್ತಿ. ಅದರ ಕೈಗೆ ಒಪ್ಪಿಸಿದ.

ನಾನು ಪೂಜೆ ಪುನಸ್ಕಾರದ ಮನುಷ್ಯ ಅಲ್ಲ. ಆದರೆ ಧರ್ಮವನ್ನು ಬರೀ ನಂಬಿಕೆ ಎಂದು ನೋಡುವುದನ್ನು ಬಿಟ್ಟು, ಒಂದು ಕೆಲಸವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಏರ್ಪಾಡು ಎಂದೂ ನೋಡಬಹುದು ಅಲ್ವಾ? ಶ್ರವಣಬೆಳಗೊಳವನ್ನು ತೆಗೆದುಕೊಳ್ಳಿ. ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನಿಗೆ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಆಗುತ್ತದೆ. 2006ರಲ್ಲಿ ಆಯಿತು, 2018ರಲ್ಲಿ ಆಯಿತು. 2018ರಲ್ಲಿ ನಾನೂ ಹೋಗಿದ್ದೆ. ಹಾಲು, ಕಬ್ಬಿನ ರಸ, ಅರಿಶಿನದ ನೀರು ಆ ಕಲ್ಲಿನ ಹೆಗಲ ಮೇಲಿಂದ ಇಳಿಯುವುದನ್ನು ನೋಡುತ್ತಾ ನನ್ನ ಕಣ್ಣು ತುಂಬಿ ಬಂತು. ದೇವರಿಗೋ, ಕಲ್ಲಿಗೋ, ಇಷ್ಟು ಶತಮಾನ ಮರೆಯದೆ ಬಂದ ಜನರಿಗೋ, ಗೊತ್ತಾಗಲಿಲ್ಲ.

ಅದೇ ಊರಿನ ಇನ್ನೊಂದು ಶಾಸನ ನನಗೆ ಎಲ್ಲಕ್ಕಿಂತ ಹತ್ತಿರದ್ದು. 1368ರದ್ದು, ವಿಜಯನಗರದ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಗಿ ಜೈನರು ರಾಜನ ಹತ್ತಿರ ದೂರು ಒಯ್ದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಅಪ್ಪ ನನಗೆ ಬೆರಳಿಟ್ಟು ತೋರಿಸಿದ್ದು ಅದರ ಮುಂದಿನ ಭಾಗ. ಜೈನರ ಒಂದೊಂದು ಮನೆಗೂ ವರ್ಷಕ್ಕೆ ಒಂದು 'ಹಣ'ದಂತೆ ಎತ್ತಬೇಕು, ಹಣ ಅಂದರೆ ಆ ಕಾಲದ ಒಂದು ನಾಣ್ಯ. ತಿರುಮಲೆಯ ತಾತಯ್ಯ ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು. ಮಿಕ್ಕ ಹಣದಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು.

ಸುಣ್ಣ! ಜಗಳ ಬಿಡಿಸುವ ರಾಜಾಜ್ಞೆಯಲ್ಲಿ ಸುಣ್ಣದ ಲೆಕ್ಕ. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಜೈನನಿಗಲ್ಲ, ಒಬ್ಬ ವೈಷ್ಣವನಿಗೆ. ಒಳ್ಳೆಯ ಮಾತು ಆಡಿ ಬಿಟ್ಟಿದ್ದರೆ ಅದು ಮಾರನೇ ವರ್ಷ ಮರೆತುಹೋಗುತ್ತಿತ್ತು. ದುಡ್ಡು ಎಲ್ಲಿಂದ, ಕೆಲಸ ಯಾರದು, ಎಷ್ಟು ಜನ ಎಂದು ಬರೆದಿಟ್ಟರು. ನಾನು ನೋಡಿದ ಎಷ್ಟೋ ಸಾಫ್ಟ್‌ವೇರ್ ಯೋಜನೆಗಳಲ್ಲಿ ಉದ್ಘಾಟನೆಗೆ ದುಡ್ಡು ಇರುತ್ತದೆ, ಸುಣ್ಣಕ್ಕೆ ಇರುವುದಿಲ್ಲ.

ಈ ಶಾಸನಗಳನ್ನು ನಾವು ಓದುತ್ತಿರುವುದೂ ಹೀಗೆ ಕೈ ಬದಲಾಗಿ ಬಂದ ಕೆಲಸದಿಂದಲೇ. 1889ರಲ್ಲಿ ಬಿ.ಎಲ್. ರೈಸ್ ಶ್ರವಣಬೆಳಗೊಳದ 144 ಶಾಸನಗಳನ್ನು ಅಚ್ಚು ಮಾಡಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು ತಿದ್ದಿ 500ಕ್ಕೆ ತಂದರು. 1973ರ ಆವೃತ್ತಿಯಲ್ಲಿ 573 ಆಯಿತು. ಅದೇ ಬೆಟ್ಟ, ಅದೇ ಬಂಡೆ. ಮತ್ತೆ ಮತ್ತೆ ಹತ್ತಿ ನೋಡಿದವರು ಇದ್ದರು.

ಹೀಗೆ ಬಿಡದೆ ಕಾಯುವ ಕೆಲಸ ಕಲ್ಲಿನ ಕಾಲಕ್ಕೇ ಮುಗಿಯಲಿಲ್ಲ. ಹಾಸನದಲ್ಲಿ ಹುಟ್ಟಿದವರಿಗೆ ವೈಜ್ಞಾನಿಕ ಕಥೆಗಳು ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ನಮ್ಮೂರಲ್ಲಿ ಎಲ್ಲರೂ ಎಂಸಿಎಫ್ ಅನ್ನುತ್ತಾರೆ. 1982ರಿಂದ ಇದೆ. ಒಳಗೆ ಬಿಡುವುದಿಲ್ಲ. ಬೇಲಿಯಾಚೆಯಿಂದ ದೊಡ್ಡ ಬಿಳಿ ಬಾಣಲೆಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ನೋಡಿದ್ದೇನೆ. "ಅಲ್ಲಿಂದ ಆಕಾಶದ ಜೊತೆ ಮಾತಾಡ್ತಾರೆ ಕಣೋ" ಅಂದಿದ್ದರು ಅಪ್ಪ.

ಆ ಬಾಣಲೆಗಳು ನೋಡುವ ಜಾಗವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬ ಕಥೆಗಾರ. 1945ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಂದು ರೇಡಿಯೊ ಪತ್ರಿಕೆಯಲ್ಲಿ ಲೇಖನ ಬರೆದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ಮೇಲೆ ಒಂದು ವಸ್ತು ಸುತ್ತಿದರೆ, ಅದು ಒಂದು ಸುತ್ತು ಬರುವ ಹೊತ್ತೂ ಭೂಮಿ ಒಂದು ಸಲ ತಿರುಗುವ ಹೊತ್ತೂ ಒಂದೇ. ಕೆಳಗಿನಿಂದ ನೋಡಿದರೆ ಅಲ್ಲೇ ನಿಂತ ಹಾಗಿರುತ್ತದೆ. ಅಂಥ ಮೂರು ಇದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಸುದ್ದಿ ಮುಟ್ಟಿಸಬಹುದು. ಆಗ ಒಂದು ಉಪಗ್ರಹವೂ ಹಾರಿರಲಿಲ್ಲ. ಮೂವತ್ತು ವರ್ಷ ಕಳೆದು, 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ನಮ್ಮ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಆಗ ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್ ಮನೆಗೆ ಇಸ್ರೊದ ಎಂಜಿನಿಯರುಗಳೇ ಹೋಗಿ ಡಿಶ್ ನಿಲ್ಲಿಸಿಕೊಟ್ಟರು.

ಕ್ಲಾರ್ಕ್ ಕಕ್ಷೆಯನ್ನು ಸರಿಯಾಗಿ ಹೇಳಿದರು. ಆದರೆ ಅಲ್ಲಿ ಜನ ಇರುವ ನಿಲ್ದಾಣ ಇರುತ್ತದೆ ಎಂದುಕೊಂಡಿದ್ದರು. ಅದು ಸಹಜ. ಆ ಕಾಲದ ರೇಡಿಯೊಗಳಲ್ಲಿ ಇದ್ದದ್ದು ವಾಲ್ವುಗಳು, ಅವು ಸುಟ್ಟುಹೋಗುತ್ತಿದ್ದವು, ಬದಲಿಸಲು ಒಂದು ಕೈ ಬೇಕಿತ್ತು. ಆಮೇಲೆ ಅವುಗಳ ಜಾಗಕ್ಕೆ, ಹಾಗೆ ಸುಟ್ಟುಹೋಗದ ಟ್ರಾನ್ಸಿಸ್ಟರ್ ಬಂತು. ಜನ ಮೇಲೆ ಹೋಗಬೇಕಾಗಲಿಲ್ಲ.

ಹೋಗಬೇಕಾಗಲಿಲ್ಲ, ಆದರೆ ಕೈ ಬೇಡವಾಗಲೂ ಇಲ್ಲ. ಆ ಕೈ ಹಾಸನದಲ್ಲಿ ಬಂದು ಕೂತಿತು. ಉಪಗ್ರಹವನ್ನು ಬಿಟ್ಟರೆ ಅದು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಸೂರ್ಯ, ಚಂದ್ರ ಎಳೆಯುತ್ತಾರೆ, ವರ್ಷಕ್ಕೆ ಒಂದು ಡಿಗ್ರಿಗೆ ಹತ್ತಿರ ಓರೆಯಾಗುತ್ತದೆ. ಸಣ್ಣ ಸಣ್ಣ ರಾಕೆಟ್ಟುಗಳನ್ನು ಉರಿಸಿ ಮತ್ತೆ ಜಾಗಕ್ಕೆ ತರಬೇಕು. ಆ ಇಂಧನ ಮುಗಿದ ದಿನ ಉಪಗ್ರಹದ ಆಯಸ್ಸು ಮುಗಿದಂತೆ, ಒಳಗಿನ ಯಂತ್ರ ಎಷ್ಟೇ ಚೆನ್ನಾಗಿರಲಿ. 1983ರ ಆಗಸ್ಟಿನಲ್ಲಿ ಇನ್ಸಾಟ್ 1ಬಿ ಹಾರಿದಾಗ ಅದರ ಸೌರಫಲಕ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಸೆಪ್ಟೆಂಬರ್ ಬಂದರೂ ಎಂಜಿನಿಯರುಗಳು ಬಿಡದೆ ಕೂತು ಅದನ್ನು ಬಿಡಿಸಿದರು. ನಮ್ಮ ಬಾಲ್ಯದ ದೂರದರ್ಶನ ಊರೂರಿಗೆ ಬಂದದ್ದು ಆ ಉಪಗ್ರಹದ ಮೂಲಕ.

ವೈಜ್ಞಾನಿಕ ಕಥೆಗಳ ಬಗ್ಗೆ ನನ್ನ ತಕರಾರು ಇಲ್ಲಿದೆ. ನಾನು ಅವನ್ನು ಜೀವ ಕೊಟ್ಟು ಓದಿದವನು, ಜಿಲ್ಲಾ ಗ್ರಂಥಾಲಯದ ಮರದ ಬೆಂಚಿನ ಮೇಲೆ. ಅವುಗಳಲ್ಲಿ ಹೊರಡುವವರ ಕಥೆ ತುಂಬ ಇದೆ. ನಕ್ಷತ್ರಕ್ಕೆ ಹೋಗುವವರು, ಹೊಸ ಲೋಕ ಕಂಡುಹಿಡಿಯುವವರು, ಯಂತ್ರದ ಜೊತೆ ಯುದ್ಧ ಮಾಡುವವರು. ರಾತ್ರಿ ಪಾಳಿಯಲ್ಲಿ ಕೂತು ಒಂದು ಮುಳ್ಳು ಅಲ್ಲಾಡದಂತೆ ನೋಡಿಕೊಳ್ಳುವವರ ಕಥೆ ಬಹಳ ಕಡಿಮೆ. ನಮ್ಮ ಬೀದಿಯಲ್ಲೇ ಅಂಥವರು ಒಬ್ಬರು ಇದ್ದರು. ಬೆಳಿಗ್ಗೆ ಪಾಳಿ ಮುಗಿಸಿ ಬಂದು ಹಾಲಿನ ಪ್ಯಾಕೆಟ್ ತರುತ್ತಿದ್ದರು. ಹಿಂದಿನ ರಾತ್ರಿ 36,000 ಕಿಲೋಮೀಟರ್ ಆಚೆಗಿನ ಒಂದು ವಸ್ತುವನ್ನು ಅಂಗುಲ ಅಂಗುಲವಾಗಿ ಕಾಯ್ದು ಬಂದವರು ಇವರು ಎಂದು ನಮಗೆ ಮಕ್ಕಳಿಗೆ ಆಗ ಹೊಳೆಯಲೇ ಇಲ್ಲ. ಕನ್ನಡದಲ್ಲಿ ಯಾರಾದರೂ ಆ ಕಥೆ ಬರೆಯಬೇಕು ಎಂದು ನನಗೆ ತುಂಬ ಆಸೆ.

ಈಗ ಎಲ್ಲರ ಬಾಯಲ್ಲೂ ಎಐ. ಅದಕ್ಕೆ ಕನ್ನಡ ಯಾಕೆ ಸರಿಯಾಗಿ ಬರುವುದಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಕಾರಣ ಒಂದಲ್ಲ. ಕಂಪ್ಯೂಟರಿನೊಳಗೆ ಜಾಗವನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಒಂದೊಂದು ಗುರುತಿಗೂ ಮೂರು ಬೇಕು. 'ಹಾಸನ' ಎಂದು ಬರೆದರೆ ದೀರ್ಘವೂ ಸೇರಿ ನಾಲ್ಕು ಗುರುತು, ಹನ್ನೆರಡು ಬೈಟ್. ಇದು ಸಣ್ಣ ಕಾರಣ. ದೊಡ್ಡದು ಬೇರೆ. ಯಂತ್ರ ಓದಿ ಕಲಿಯುತ್ತದೆ, ನಾವು ಓದಲು ಇಟ್ಟಿರುವುದು ಕಡಿಮೆ. ತೊಂಬತ್ತರ ದಶಕದಿಂದ ಎರಡು ಸಾವಿರದ ಹತ್ತರ ಆಸುಪಾಸಿನವರೆಗೆ ತಾಲ್ಲೂಕು ತಾಲ್ಲೂಕಿನ ಡಿಟಿಪಿ ಅಂಗಡಿಗಳಲ್ಲಿ ಏನೆಲ್ಲ ಟೈಪ್ ಆಗಲಿಲ್ಲ! ಜಾತ್ರೆಯ ಸ್ಮರಣ ಸಂಚಿಕೆ, ಮೇಷ್ಟ್ರುಗಳ ಕವನ ಸಂಕಲನ, ಕೃಷಿಯ ಕೈಪಿಡಿ, ಸಣ್ಣ ವಾರಪತ್ರಿಕೆ. ಅದರಲ್ಲಿ ಬಹಳಷ್ಟು ಅಪ್ಪನ ಸಿಡಿಯ ಹಾಗೇ ಬೀಗ ಬಿದ್ದು ಕೂತಿದೆ. ಸಿಡಿಗಳು ಶಾಶ್ವತವಲ್ಲ, ಹೊಳೆಯುವ ಪದರ ಕೆಡುತ್ತದೆ. ಕಲ್ಲಿಗೆ ಕೊಟ್ಟಷ್ಟು ಸಮಯ ಅವು ನಮಗೆ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಸಿಡಿ ಇದ್ದರೆ ದಯವಿಟ್ಟು ಈ ತಿಂಗಳೇ ತೆಗೆದು ನಕಲು ಮಾಡಿಡಿ. ಓದಲು ಬರದಿದ್ದರೂ ಪರವಾಗಿಲ್ಲ, ಎಸೆಯಬೇಡಿ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವುದು ಆಗದ ಕೆಲಸವಲ್ಲ. ಕೂತು ಮಾಡಬೇಕು ಅಷ್ಟೇ.

ಅಮ್ಮನಿಗೆ ಈ ಗೋಜಲೆಲ್ಲ ಬೇಕಿಲ್ಲ. ಅವಳದು ಹಾಸನಾಂಬೆಯ ಲೆಕ್ಕ. ವರ್ಷಕ್ಕೊಮ್ಮೆ ಆಶ್ವೀಜದಲ್ಲಿ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಕಳೆದು ಮುಚ್ಚುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವಾಗಲೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಎಂಬುದು ಊರಿನ ನಂಬಿಕೆ. ನಾನು ಅದನ್ನು ನಂಬುವುದಿಲ್ಲ. ಅಮ್ಮನಿಗೂ ಅದು ಗೊತ್ತು. ಆದರೂ ಪ್ರತಿ ವರ್ಷ ಅವಳ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ. ಹೋದ ವರ್ಷ ಐದು ಗಂಟೆ ನಿಂತಿದ್ದೆವು. ಸಿಡಿಯ ಕಥೆ ಹೇಳಿದೆ. ಅವಳು ಕೇಳಿ, "ಇಟ್ಟಿದ್ದು ಇಟ್ಟ ಹಾಗೇ ಇರ್ಲಿ ಅಂತ ತಾನೇ ಎಲ್ರೂ ಬಾಗಿಲು ಹಾಕೋದು?" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಅವಳ ಕೈಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡೆ.

ಅಪ್ಪನ ಪುಸ್ತಕ ಈಗ ಪೂರ್ತಿ ಯೂನಿಕೋಡಿನಲ್ಲಿದೆ. ಗೆದ್ದಲು ತಿಂದ ಇಪ್ಪತ್ತು ಪುಟವೂ ಬಂದಿದೆ. ಎರಡು ಸ್ಪೇಸ್ ಇದ್ದ ಕಡೆ ಸೊನ್ನೆ ಸಿ ಡಿ ಇ ಕೂರಿಸಿದ್ದೇನೆ. ಅಪ್ಪನಿಗೆ ಎಪ್ಪತ್ತಾರು. ಕಣ್ಣು ಮಂಜಾಗಿದೆ, ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಫೈಲನ್ನು ಅವರ ಫೋನಿಗೆ ಹಾಕಿ, ಗಟ್ಟಿಯಾಗಿ ಓದುವ ಸೌಲಭ್ಯ ಶುರು ಮಾಡಿಕೊಟ್ಟೆ. ಜಗುಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ತಾವು ಇಪ್ಪತ್ತು ವರ್ಷದ ಹಿಂದೆ ಬರೆದದ್ದನ್ನು ಕೇಳಿಸಿಕೊಂಡರು. ನಡುವೆ ಒಂದೆರಡು ಕಡೆ ತಲೆಯಾಡಿಸಿದರು, ಒಂದು ಕಡೆ "ಇಲ್ಲಿ ಇಸವಿ ತಪ್ಪಿದೆ, ತಿದ್ದಬೇಕು" ಅಂದರು.

ಹಲ್ಮಿಡಿಯ ಪುಟ ಬಂತು. ಫೋನಿಗೆ ಆ ಅಕ್ಷರ ಹೇಳಲು ಬರಲಿಲ್ಲ. 'ಬಾಳ್‌ಗ' ಎಂದು, ಒಂದು ಕ್ಷಣ ತಡವರಿಸಿ, 'ಚು' ಎಂದು ಮುಂದೆ ಹೋಯಿತು.

ಅಪ್ಪ ಕಣ್ಣು ತೆರೆಯಲಿಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ, ಮೆಲ್ಲಗೆ, ತಾವೇ ಹೇಳಿದರು: "ಬಾಳ್ಗೞ್ಚು."